ಗಾಜಿನ ಕಪಾಟಿನ ಮೋಟಾರು ಬಂಡಿಗಳು: ಒಂದು ಆಕ್ಷೇಪಣೆಗೆ ಉತ್ತರ

ರಾಜ್ಯೋತ್ಸವದ ನಿಮಿತ್ತ ನಮ್ಮ ಸಂಘವು ಏರ್ಪಡಿಸುವ ವಸ್ತುಪ್ರದರ್ಶನದ ಸಿದ್ಧತೆಗಾಗಿ ಸೇರಿದ್ದ ಸಭೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಕುರಿತು ಬರೆಯಲು ಹೊರಟಿದ್ದೇನೆ. ಸಂಗತಿ ಸಣ್ಣದು, ಅಂದು ಆಡಿದ ಮಾತುಗಳು ಸಣ್ಣವಲ್ಲ. ಆ ಸಭೆಯಲ್ಲಿ ನಾನೂ ಕುಳಿತಿದ್ದೆನು. ಆಡಬೇಕಾಗಿದ್ದ ಮಾತನ್ನು ಆಡದೆ ಚಹಾ ಕುಡಿದು ಎದ್ದು ಬಂದೆನು. ಮೌನವು ಸಮ್ಮತಿಯ ಲಕ್ಷಣವೆಂದು ಬಲ್ಲವರು ಹೇಳುವುದರಿಂದ, ಆ ಸಮ್ಮತಿಯನ್ನು ಈ ಲೇಖನದ ಮೂಲಕ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ನಮ್ಮ ಆನಗೋಡಿನ ಹೆದ್ದಾರಿಯ ಬದಿಯಲ್ಲಿ ವಾಹನಗಳ ತಗಡಿನ ಕೆಲಸ ಮಾಡುವ ಗೃಹಸ್ಥನೊಬ್ಬನಿದ್ದಾನೆ. ನುಗ್ಗಿದ ಬಾಗಿಲನ್ನು ಬಡಿದು ನೇರಮಾಡುವುದು, ಒಡೆದ ಮಡ್‌ಗಾರ್ಡನ್ನು ಬೆಸೆಯುವುದು ಅವನ ಜೀವನೋಪಾಯ. ಇವನು ಸುಮಾರು ಇಪ್ಪತ್ತು ವರ್ಷಗಳಿಂದ ಹಳೆಯ ಅಮೆರಿಕದ ಐಶ್ವರ್ಯದ ಕಾರುಗಳ ಕಿರು ಪ್ರತಿಕೃತಿಗಳನ್ನು ಒಂದೊಂದಾಗಿ ಕೂಡಿಸಿ ಗಾಜಿನ ಕಪಾಟಿನಲ್ಲಿಟ್ಟಿದ್ದಾನೆ. ಡ್ಯೂಸೆನ್‌ಬರ್ಗ್, ಪ್ಯಾಕಾರ್ಡ್, ಕಾರ್ಡ್, ಹದಿನಾರು ಸಿಲಿಂಡರಿನ ಕ್ಯಾಡಿಲಾಕ್, ಮೀನಿನ ರೆಕ್ಕೆಯಂಥ ಹಿಂಭಾಗವುಳ್ಳ 1959ರ ಕ್ಯಾಡಿಲಾಕ್, ಇತ್ಯಾದಿ. ಎಲ್ಲವೂ ಸೇರಿ ಹನ್ನೊಂದು. ಪ್ರದರ್ಶನದಲ್ಲಿ ಒಂದು ಮೇಜಿನಷ್ಟು ಸ್ಥಳವನ್ನು ಕೊಟ್ಟರೆ ಮಕ್ಕಳು ನೋಡಿ ಸಂತೋಷಪಡುವರೆಂದು ಅವನು ವಿನಯದಿಂದ ಬರೆದುಕೊಂಡಿದ್ದನು. ಸಭೆಯು ಆ ಅರ್ಜಿಯನ್ನು ತಿರಸ್ಕರಿಸಿತು. ಇದು ಪರದೇಶದ ದಾಸ್ಯವೆಂದು ಒಬ್ಬರೂ, ಶ್ರೀಮಂತರ ವಿಲಾಸದ ಆರಾಧನೆಯೆಂದು ಮತ್ತೊಬ್ಬರೂ ಹೇಳಿದರು. ಗಡ್ಡ ಬಂದವನಿಗೆ ಆಟಿಕೆಯ ಹುಚ್ಚೇಕೆಂದು ಮೂರನೆಯವರು ನಗೆಯಾಡಿದರು. ಮೂವರೂ ನನ್ನ ಸ್ನೇಹಿತರು, ಮೂವರೂ ವಿದ್ಯಾವಂತರು. ಆದುದರಿಂದಲೇ ಉತ್ತರ ಕೊಡಬೇಕಾಗಿದೆ.

ಮೊದಲು ಆ ನಗೆಯನ್ನೇ ಎತ್ತಿಕೊಳ್ಳುತ್ತೇನೆ. ಏಕೆಂದರೆ ವಾದಕ್ಕೆ ಉತ್ತರ ಹೇಳುವುದು ಸುಲಭ, ನಗೆಗೆ ಹೇಳುವುದು ಕಷ್ಟ. ನಗೆಯಾಡಿದ ಮಿತ್ರರು ನನ್ನ ಹಾಗೆಯೇ ಪಾಠಶಾಲೆಯಲ್ಲಿ ಸಂಸ್ಕೃತ ಓದಿದವರು. ಶೂದ್ರಕನ ‘ಮೃಚ್ಛಕಟಿಕ’ವನ್ನು ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಕಲಿತೆವು. ಹತ್ತು ಅಂಕಗಳ ಆ ಮಹಾಪ್ರಕರಣಕ್ಕೆ ಕವಿಯು ಚಾರುದತ್ತನ ಹೆಸರನ್ನಾಗಲಿ ವಸಂತಸೇನೆಯ ಹೆಸರನ್ನಾಗಲಿ ಇಡದೆ, ಒಂದು ಮಗುವಿನ ಮಣ್ಣಿನ ಬಂಡಿಯ ಹೆಸರನ್ನೇಕೆ ಇಟ್ಟನು? ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡು ರೋಹಸೇನನು ತನಗೂ ಅಂಥದೇ ಬೇಕೆಂದು ಅಳುತ್ತಾನೆ. ವಸಂತಸೇನೆಯು ತನ್ನ ಒಡವೆಗಳನ್ನೆಲ್ಲ ಕಳಚಿ ಆ ಮಣ್ಣಿನ ಬಂಡಿಯಲ್ಲಿ ತುಂಬುತ್ತಾಳೆ. ಒಂಬತ್ತನೆಯ ಅಂಕದ ನ್ಯಾಯಸಭೆಯಲ್ಲಿ ಅವೇ ಒಡವೆಗಳು ವಿದೂಷಕನ ಕಂಕುಳಿನಿಂದ ಜಾರಿಬಿದ್ದು ಚಾರುದತ್ತನನ್ನು ಶೂಲದವರೆಗೆ ಒಯ್ಯುತ್ತವೆ. ಆಟಿಕೆಯ ಬಂಡಿ ಬರುವ ಆ ಆರನೆಯ ಅಂಕದಲ್ಲಿಯೇ ದೊಡ್ಡವರ ನಿಜವಾದ ಬಂಡಿಗಳೂ ಅದಲುಬದಲಾಗುತ್ತವೆ. ಅಂಕದ ಹೆಸರೇ ‘ಪ್ರವಹಣವಿಪರ್ಯಯ’. ಚಿಕ್ಕ ಬಂಡಿಯನ್ನು ಕುರಿತು ನಗುವವನು ದೊಡ್ಡ ಬಂಡಿಯ ವಿಷಯದಲ್ಲಿ ಮೋಸಹೋಗುವನೆಂದು ಕವಿಯ ಅಭಿಪ್ರಾಯವಿದ್ದಿರಬಹುದೆಂದು ನಾನು ಪಾಠ ಹೇಳುವಾಗ ತಮಾಷೆಗೆ ಹೇಳುತ್ತಿದ್ದೆನು. ಈಗ ಅದು ನನಗೆ ತಮಾಷೆಯಾಗಿ ಕಾಣುತ್ತಿಲ್ಲ.

ಶೂದ್ರಕನಿಗಿಂತಲೂ ಹಿಂದಕ್ಕೆ ಹೋಗಬಹುದು. ಸಿಂಧೂ ಕಣಿವೆಯ ಪ್ರಾಚೀನ ನಗರಗಳ ಅಗೆತದಲ್ಲಿ ಸುಟ್ಟ ಮಣ್ಣಿನ ಬಂಡಿಗಳು ರಾಶಿರಾಶಿಯಾಗಿ ದೊರೆತಿವೆ. 1974ರಲ್ಲಿ ಮಹಾರಾಷ್ಟ್ರದ ದೈಮಾಬಾದಿನಲ್ಲಿ ಎರಡು ಎತ್ತುಗಳನ್ನು ಹೂಡಿದ, ನಿಂತ ಸಾರಥಿಯುಳ್ಳ ಕಂಚಿನ ಬಂಡಿಯೊಂದು ಸಿಕ್ಕಿತು. ಅದನ್ನು ಎರಕ ಹೊಯ್ದವನನ್ನು ಯಾವ ಇತಿಹಾಸಕಾರನೂ ಬಾಲಬುದ್ಧಿಯವನೆಂದು ಕರೆದಿಲ್ಲ. ಲಕ್ಕುಂಡಿಯ ಕಾಶೀವಿಶ್ವೇಶ್ವರ ದೇವಾಲಯದ ಹೊರಗೋಡೆಯನ್ನು ನೋಡಿದವರಿಗೆ ಗೊತ್ತು: ದೊಡ್ಡ ದೇವಾಲಯದ ಮೈಮೇಲೆ ಚಿಕ್ಕ ಚಿಕ್ಕ ದೇವಾಲಯಗಳ ಶಿಖರಗಳನ್ನು ಶಿಲ್ಪಿಯು ಯಥಾಪ್ರಮಾಣವಾಗಿ ಕಂಡರಿಸಿದ್ದಾನೆ. ಹಂಪೆಯ ಕಲ್ಲಿನ ರಥವೆಂದರೇನು? ಮರದ ತೇರಿನ ಪ್ರತಿಕೃತಿ. ಚಲಿಸದ ಗಾಲಿಗಳುಳ್ಳ ಬಂಡಿ. ಪ್ರತಿಕೃತಿಯನ್ನು ಹಳಿದ ನಮ್ಮ ಸಭಾಸದರ ಜೇಬಿನಲ್ಲಿ ಆ ಹೊತ್ತು ಐವತ್ತು ರೂಪಾಯಿಯ ಹೊಸ ನೋಟೊಂದಿದ್ದರೆ, ಆ ಪ್ರತಿಕೃತಿಯ ಪ್ರತಿಕೃತಿಯೂ ಅವರ ಬಳಿಯಲ್ಲಿಯೇ ಇದ್ದಿತು. ಇನ್ನು ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳ ಕೆಳಗೆ ಆನೆ, ಅಂಬಾರಿ, ಸಂತೆ, ಮದುವೆಯ ದಿಬ್ಬಣಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವ ನಮ್ಮ ಮನೆಯ ಮುತ್ತೈದೆಯರನ್ನು ಆ ಮಿತ್ರರು ಏನೆಂದು ಕರೆಯುವರೋ ನನಗೆ ತಿಳಿಯದು. ಅವರ ಮನೆಯಲ್ಲಿಯೂ ಗೊಂಬೆ ಕೂರಿಸುತ್ತಾರೆ.

ವಿಲಾಸದ ಆರಾಧನೆಯೆಂಬ ಆಕ್ಷೇಪಣೆಗೆ ಹೆಚ್ಚು ಮಾತು ಬೇಡ. ಗೇಣುದ್ದದ ಕಾರಿನಲ್ಲಿ ಕುಳಿತು ಯಾರೂ ವಿಲಾಸಪಡಲಾರರು. ಅದಕ್ಕೆ ಪೆಟ್ರೋಲು ಬೇಡ, ಚಾಲಕನು ಬೇಡ, ದಾರಿಹೋಕರಿಗೆ ಅದರ ಧೂಳಿಲ್ಲ. ಐಶ್ವರ್ಯದಲ್ಲಿ ಇತರರಿಗೆ ಕಷ್ಟ ಕೊಡುವ ಅಂಶವಷ್ಟನ್ನೂ ಕಳೆದು, ಕಣ್ಣಿಗೆ ಸುಖ ಕೊಡುವ ಅಂಶವನ್ನು ಮಾತ್ರ ಉಳಿಸಿಕೊಂಡ ಸಾಧನವನ್ನು ವಿಲಾಸವೆಂದರೆ, ಚಿತ್ರಪಟದಲ್ಲಿ ಅರಮನೆಯನ್ನು ನೋಡಿದವನೂ ಅರಸನಾಗಬೇಕು.

ದಾಸ್ಯವೆಂಬ ಮಾತು ಮಾತ್ರ ಹಾಗಲ್ಲ. ಅದನ್ನು ಆಡಿದವರು ಸ್ವದೇಶಾಭಿಮಾನದಿಂದ ಆಡಿದರು. ಆ ಅಭಿಮಾನವನ್ನು ನಾನೂ ಗೌರವಿಸುತ್ತೇನೆ. ಆದರೆ ಅವರು ಯಾವುದಕ್ಕೆ ಅಂಜುತ್ತಿದ್ದಾರೆ ಎಂಬುದನ್ನು ನೋಡಬೇಕು. ಡ್ಯೂಸೆನ್‌ಬರ್ಗ್ ಕಾರ್ಖಾನೆಯು 1937ರಲ್ಲಿಯೇ ಮುಚ್ಚಿತು. ಅದೇ ವರ್ಷ ಕಾರ್ಡ್ ನಿಂತಿತು. ಮರುವರ್ಷ ಪಿಯರ್ಸ್-ಆ್ಯರೋ ಮುಳುಗಿತು. ಪ್ಯಾಕಾರ್ಡಿನ ಹೆಸರು 1958ರಲ್ಲಿ ಅಳಿಯಿತು. 1929ರ ಆರ್ಥಿಕ ಕುಸಿತವು ಅಮೆರಿಕದ ಆ ಐಶ್ವರ್ಯವನ್ನು ಹೇಗೆ ನುಂಗಿತೆಂಬುದಕ್ಕೆ ಈ ಹೆಸರುಗಳೇ ಶಾಸನಗಳು. ಕ್ಯಾಡಿಲಾಕಿನವರು ಹದಿನಾರು ಸಿಲಿಂಡರಿನ ಕಾರನ್ನು ಹೊರತಂದದ್ದು 1930ರಲ್ಲಿ, ಎಂದರೆ ಕೊಳ್ಳುವವರ ಕೈ ಬರಿದಾಗುತ್ತಿದ್ದಾಗ. ಸತ್ತ ಅರಸನ ಪ್ರತಿಮೆಯನ್ನು ನೋಡಿದವನು ಅವನಿಗೆ ಕಪ್ಪ ಕಾಣಿಕೆ ಸಲ್ಲಿಸಬೇಕಾಗುವುದಿಲ್ಲ. ಮೇಲಾಗಿ ಈ ಕಾರುಗಳ ಕಥೆ ನಮ್ಮ ದೇಶದ ಹೊರಗೇ ನಡೆದುದಲ್ಲ. ಇಂದೋರಿನ ಯಶವಂತರಾವ್ ಹೋಳ್ಕರ್ ಮಹಾರಾಜರು ತರಿಸಿಕೊಂಡ ಡ್ಯೂಸೆನ್‌ಬರ್ಗ್, ಆ ಜಾತಿಯಲ್ಲಿಯೇ ಹೆಸರಾದುದು. ಅದರ ಮೈಯನ್ನು ಕಟ್ಟಿದವರು ಇಂಗ್ಲೆಂಡಿನ ಗರ್ನಿ ನಟಿಂಗ್ ಸಂಸ್ಥೆಯವರು. ನಾವೇ ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಧರ್ಮಸ್ಥಳಕ್ಕೆ ಹೋದಾಗ ಮಂಜೂಷಾ ಸಂಗ್ರಹಾಲಯದ ಹಳೆಯ ಕಾರುಗಳ ಮುಂದೆ ಸಾಲಾಗಿ ನಿಲ್ಲಿಸುತ್ತೇವೆ. ಶ್ರೀರಂಗಪಟ್ಟಣದ ಬಳಿ ‘ಪಯಣ’ ಸಂಗ್ರಹಾಲಯವಾದ ಮೇಲೆ ಅಲ್ಲಿಗೂ ಕರೆದೊಯ್ಯುತ್ತೇವೆ. ಅಲ್ಲಿ ಟಿಕೆಟ್ಟು ಕೊಂಡು ನೋಡಿದರೆ ಇತಿಹಾಸ. ಆನಗೋಡಿನ ತಗಡಿನ ಕೆಲಸದವನು ಕಾಸಿಲ್ಲದೆ ತೋರಿಸಿದರೆ ದಾಸ್ಯ! ಈ ವಿವೇಕವು ಯಾವ ಶಾಸ್ತ್ರದಲ್ಲಿದೆಯೆಂದು ತೋರಿಸಿದರೆ ನಾನು ಕಲಿಯಲು ಸಿದ್ಧನಿದ್ದೇನೆ.

ಅವನ ಕಪಾಟಿನ ಮುಂದೆ ನಾನು ಒಂದು ಮಧ್ಯಾಹ್ನ ಕಳೆದೆನು. ಡ್ಯೂಸೆನ್‌ಬರ್ಗಿನ ‘ಜೆ’ ಎಂಬ ಮಾದರಿ 1928ರಲ್ಲಿ ಹೊರಬಂತೆಂದೂ, ಕಾರ್ಖಾನೆಯವರು ಅಡಿಗಟ್ಟು ಹಾಗೂ 265 ಅಶ್ವಶಕ್ತಿಯ ಯಂತ್ರವನ್ನು ಮಾತ್ರ ಕೊಡುತ್ತಿದ್ದರೆಂದೂ, ಮೇಲಿನ ಮೈಯನ್ನು ಬೇರೆ ಕಸುಬುದಾರರು ಮರದ ಚೌಕಟ್ಟಿನ ಮೇಲೆ ತಗಡನ್ನು ಕೈಯಿಂದ ಬಡಿದು ಕಟ್ಟುತ್ತಿದ್ದರೆಂದೂ ಅವನು ವಿವರಿಸಿದನು. “ನಮ್ಮ ಕಡೆ ಲಾರಿ ಬಾಡಿ ಕಟ್ಟೋ ಹಂಗೇ ಮೇಷ್ಟ್ರೇ. ಇದನ್ನ ಬಡಿದೋನು ನನ್ನ ಕುಲದೋನು” ಎಂದನು. ಆ ಮಾತಿನಿಂದ ನನ್ನ ಕಣ್ಣು ತೆರೆಯಿತು. ಇವನು ನೋಡುತ್ತಿದ್ದದ್ದು ಕಾರನ್ನು ಕೊಂಡ ಕೋಟ್ಯಧೀಶನನ್ನಲ್ಲ. ಮಡ್‌ಗಾರ್ಡಿನ ಆ ಬಾಗನ್ನು ಸುತ್ತಿಗೆಯಿಂದ ತೆಗೆದ ಅನಾಮಧೇಯ ಕಸುಬುಗಾರನನ್ನು. ಕಾವ್ಯದಲ್ಲಿ ರಾಜನ ಸ್ತುತಿಯನ್ನು ಓದುತ್ತ ನಾವು ಕವಿಯನ್ನು ಮೆಚ್ಚುವುದಿಲ್ಲವೆ? ಇದೂ ಅಂಥದೇ ರಸಿಕತೆ.

ಆ ದಿನವೇ ಅವನು ಪ್ರಮಾಣದ ಪಾಠವನ್ನೂ ಹೇಳಿದನು. ಪ್ರತಿಕೃತಿಗಳನ್ನು ಮನಸ್ಸಿಗೆ ಬಂದ ಗಾತ್ರದಲ್ಲಿ ಮಾಡುವುದಿಲ್ಲ. 43ರಲ್ಲಿ ಒಂದು ಪಾಲು, 24ರಲ್ಲಿ ಒಂದು ಪಾಲು, 18ರಲ್ಲಿ ಒಂದು ಪಾಲು ಎಂದು ಕಟ್ಟಳೆಗಳಿವೆ. 43ರ ಲೆಕ್ಕವು ಆಟದ ರೈಲಿನಿಂದ ಬಂದುದು. ಅಡಿಗೆ 7 ಮಿಲಿಮೀಟರಿನ ರೈಲಿನ ಪಕ್ಕದಲ್ಲಿ ಹೊಂದಬೇಕೆಂದು ಕಾರುಗಳನ್ನೂ ಅದೇ ಲೆಕ್ಕದಲ್ಲಿ ಮಾಡಿದರು. 24ರ ಲೆಕ್ಕವೆಂದರೆ ಅಡಿಗೆ ಅರ್ಧ ಇಂಚು. ಇದನ್ನು ಕೇಳಿದಾಗ ನನಗೆ ಥಟ್ಟನೆ ನೆನಪಾದುದು ನಮ್ಮ ಶಿಲ್ಪಶಾಸ್ತ್ರದ ಮಾನಪದ್ಧತಿ: ಎಂಟು ಯವೆಗೆ ಒಂದು ಅಂಗುಲ, ಇಪ್ಪತ್ತನಾಲ್ಕು ಅಂಗುಲಕ್ಕೆ ಒಂದು ಹಸ್ತ. ಎಂದಮೇಲೆ ಇಪ್ಪತ್ತನಾಲ್ಕರ ಪ್ರತಿಕೃತಿಯಲ್ಲಿ ಹಸ್ತಕ್ಕೆ ಸರಿಯಾಗಿ ಒಂದು ಅಂಗುಲ! ಫಿಲಡೆಲ್ಫಿಯಾದವರು ನಮ್ಮ ಶಾಸ್ತ್ರವನ್ನು ಕದ್ದರೆಂದು ನಾನು ಹೇಳುವುದಿಲ್ಲ. ಅಂಥ ಮಾತನ್ನು ಹೇಳುವವರು ಈಗ ಬೇಕಾದಷ್ಟು ಜನರಿದ್ದಾರೆ. ಆದರೆ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಲೆಕ್ಕವೊಂದು ಅರುವತ್ತು ದಾಟಿದ ಮೇಲೆ ತಗಡಿನ ಅಂಗಡಿಯಲ್ಲಿ ಪ್ರತ್ಯಕ್ಷವಾದುದು ನನಗೆ ಅತ್ಯಾನಂದವನ್ನುಂಟುಮಾಡಿತು. ‘ಜೆ’ ಮಾದರಿಯ ಮುಂದಿನ ಹಿಂದಿನ ಅಚ್ಚುಗಳ ನಡುವಣ ದೂರ 142.5 ಇಂಚು, ಅವನ ಕಪಾಟಿನದರಲ್ಲಿ ಆರು ಇಂಚಿಗೆ ಕೂದಲೆಳೆಯಷ್ಟು ಕಡಮೆ. ಅಳತೆಪಟ್ಟಿ ಹಿಡಿದು ನಾನೇ ನೋಡಿದೆನು.

ಸಂಗ್ರಾಹಕರೆಲ್ಲರೂ ಇವನಂಥವರೆಂದು ನಾನು ಸಾಧಿಸಹೊರಟಿಲ್ಲ. ಡಬ್ಬಿಯ ಮುದ್ರೆಯನ್ನು ಒಡೆಯದೆ, ಒಳಗಿನ ಕಾರಿನ ಮುಖವನ್ನೂ ನೋಡದೆ, ನಾಳೆ ಬೆಲೆ ಏರುವುದೆಂದು ಅಟ್ಟದ ಮೇಲೆ ಪೇರಿಸುವವರು ದೊಡ್ಡ ಊರುಗಳಲ್ಲಿದ್ದಾರೆ. ಅವರದು ಸಂಗ್ರಹವಲ್ಲ, ದಾಸ್ತಾನು. ದಾವಣಗೆರೆಯ ಹತ್ತಿಯ ಮಂಡಿಯಲ್ಲಿ ಅಂಥವರಿಗೆ ಸ್ಥಳವಿದ್ದಿತು. ರಸಿಕರ ಪಂಕ್ತಿಯಲ್ಲಿ ಇಲ್ಲ. ಗ್ರಂಥವನ್ನು ರೇಷ್ಮೆಯ ವಸ್ತ್ರದಲ್ಲಿ ಕಟ್ಟಿಟ್ಟು, ವರ್ಷಕ್ಕೊಮ್ಮೆ ಸರಸ್ವತೀ ಪೂಜೆಯ ದಿನ ಅರಿಸಿನ ಕುಂಕುಮ ಹಚ್ಚಿ, ಒಂದು ಪುಟವನ್ನೂ ತೆರೆಯದ ನಮ್ಮ ಪಂಡಿತರ ಮನೆತನಗಳಿಗೂ ಇವರಿಗೂ ಇರುವ ಅಂತರ ಅಲ್ಪ. ಲೋಹವೂ ಇವರ ಲೋಭವನ್ನು ಮನ್ನಿಸುವುದಿಲ್ಲ: ಹಳೆಯ ಪ್ರತಿಕೃತಿಗಳ ಸತುವಿನ ಎರಕದಲ್ಲಿ ಸೀಸ ಬೆರೆತಿದ್ದರೆ, ಕಾಲಕ್ರಮದಲ್ಲಿ ಅದು ಒಳಗೊಳಗೇ ಸೀಳಿ, ಮುದ್ರೆ ಒಡೆಯದ ಡಬ್ಬಿಯೊಳಗೆ ಪುಡಿಯಾಗಿ ಕುಳಿತಿರುತ್ತದೆ.

ಇಲ್ಲಿಯವರೆಗೆ ಹೇಳಿದುದು ಪೂರ್ವಪಕ್ಷದ ನಿರಾಕರಣೆ. ನನ್ನ ನಿಜವಾದ ಜಗಳ ಇನ್ನು ಮುಂದಿದೆ.

ಅರ್ಜಿ ತಿರಸ್ಕೃತವಾದ ವಾರದಲ್ಲಿ ಆ ಗೃಹಸ್ಥನು ನನ್ನ ಮನೆಗೆ ಬಂದನು. ದೂರು ಹೇಳಲು ಬಂದಿರುವನೆಂದು ನಾನು ತಲೆ ತಗ್ಗಿಸಿದೆನು. ಅವನು, “ಹೋಗ್ಲಿ ಬಿಡ್ರಿ ಮೇಷ್ಟ್ರೇ. ಅವರು ಹೇಳಿದ್ರಲ್ಲೂ ಒಂದು ಮಾತು ಐತಿ. ನಮ್ಮ ಎತ್ತಿನ ಗಾಡೀನೇ ಒಂದು ಮಾಡಾಣ ಅಂತ. ಅಳತಿ ಎಲ್ಲಿ ಸಿಗ್ತಾವ?” ಎಂದು ಕೇಳಿದನು. ಇದೇನು ದೊಡ್ಡ ಮಾತು, ತಂದುಕೊಡುತ್ತೇನೆ ಎಂದು ನಾನು ಧೈರ್ಯವಾಗಿ ಹೇಳಿದೆನು. ತೊಂಬತ್ತು ವರ್ಷಗಳ ಹಿಂದೆ ಸಮುದ್ರದಾಚೆ ಸತ್ತ ಕಾರಿನ ಅಚ್ಚಿನ ಅಳತೆ ಅರ್ಧ ಇಂಚಿನವರೆಗೆ ಆನಗೋಡಿನಲ್ಲಿ ಸಿಗುವಾಗ, ನಮ್ಮ ಅಜ್ಜಂದಿರು ಹತ್ತಿ ತುಂಬಿಕೊಂಡು ಇದೇ ದಾರಿಯಲ್ಲಿ ದಾವಣಗೆರೆಗೆ ಹೊಡೆದ ಬಂಡಿಯ ಅಳತೆ ಸಿಗದೆ ಇರುವುದೆ?

ಸಿಗಲಿಲ್ಲ. ಮೊದಲು ದಾಸ್ಯದ ಮಾತನ್ನಾಡಿದ ಮಿತ್ರರನ್ನೇ ಕೇಳಿದೆನು. ಎತ್ತಿನ ಬಂಡಿಯನ್ನು ಕುರಿತು ಅವರು ಬರೆದ ಪದ್ಯಗಳು ಇದೇ ಪತ್ರಿಕೆಯಲ್ಲಿ ಬಂದಿವೆ. ಗಾಲಿಗೆ ಎಷ್ಟು ಅರಗಳೆಂದು ಕೇಳಿದರೆ ಎಂಟಿರಬಹುದು, ಹದಿನಾರಿರಬಹುದು ಎಂದರು. ಮೂಕಿ ಎಷ್ಟುದ್ದ, ಅಚ್ಚು ಯಾವ ಮರದ್ದು, ಗುಂಬದ ತೂತು ನೇರವೋ ಇಳಿಜಾರೋ, ಇದೊಂದೂ ಅವರಿಗೆ ತಿಳಿಯದು. ನನಗೂ ತಿಳಿಯದು. ಗ್ರಂಥಗಳನ್ನು ಹುಡುಕಿದೆನು. ‘ಮಾನಸಾರ’ವೆಂಬ ಶಿಲ್ಪಗ್ರಂಥದಲ್ಲಿ ರಥಲಕ್ಷಣಕ್ಕೆಂದೇ ಒಂದು ಅಧ್ಯಾಯವಿದೆ, ಆದರೆ ಅದು ದೇವರ ರಥ, ರಾಜರ ರಥ. ಗೊಬ್ಬರ ಹೊತ್ತ ಬಂಡಿಗೆ ಅಲ್ಲಿ ಶ್ಲೋಕವಿಲ್ಲ. ಬಡಗಿಯ ಕೈಯಲ್ಲಿದ್ದ ಶಾಸ್ತ್ರವು ಬಡಗಿಯ ಕೈಯೊಂದಿಗೇ ಹೋಯಿತು. ಟ್ರ್ಯಾಕ್ಟರು ಬಂದ ಮೇಲೆ ಬಂಡಿಯ ಮೈ ಒಲೆಗೆ ಸೇರಿತು, ಹಳಿಯ ಕಬ್ಬಿಣ ಗುಜರಿಗೆ ಹೋಯಿತು. ಉಳಿದ ಗಾಲಿಗಳಿಗೆ ಬಣ್ಣ ಬಳಿದು ಹೆದ್ದಾರಿಯ ಊಟದ ಹೋಟೆಲುಗಳ ಬಾಗಿಲಿಗೆ ಒರಗಿಸಿದ್ದಾರೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಪರರಿಗೆ ಹೇಳುತ್ತ ಹೇಳುತ್ತ ನಾವು ಹಿತ್ತಲನ್ನೇ ಕಳೆದುಕೊಂಡೆವು.

ಯಾರು ದಾಸರು? ಅಮೆರಿಕದ ಕಾರನ್ನು ಅಳೆದು ತಿಳಿದು ಪ್ರೀತಿಸುವವನೋ, ನಮ್ಮ ಬಂಡಿಯನ್ನು ಅಳೆಯದೆ, ತಿಳಿಯದೆ, ಪದ್ಯದಲ್ಲಿ ಮಾತ್ರ ಪ್ರೀತಿಸುವ ನಾವೋ? ಸಂಘದ ಹಿರಿಯರು ಈ ಪ್ರಶ್ನೆಯನ್ನು ನನ್ನ ಮುಖದ ಮೇಲೆಯೇ ಎಸೆಯಬಹುದು. ನಾನೂ ಆ ‘ನಾವು’ ಎಂಬುದರಲ್ಲಿ ಸೇರಿದವನು. ನಾನು ಮೇಷ್ಟರಾಗಿದ್ದಾಗ ಹವಾಯಿ ಚಪ್ಪಲಿಯನ್ನು ಕೊಯ್ದು ಗಾಲಿ ಮಾಡಿ, ತಗಡಿನ ಡಬ್ಬಿಯಿಂದ ಬಸ್ಸು ಕಟ್ಟಿ ತಂದ ಹುಡುಗನೊಬ್ಬನಿಂದ ಅದನ್ನು ಕಿತ್ತು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆನು. ಆ ಹೊತ್ತು ಶಬ್ದಮಂಜರಿಯ ಪಾಠ ನಡೆಯುತ್ತಿದ್ದಿತು. ವರ್ಷದ ಕೊನೆಗೆ ಹಿಂದಿರುಗಿಸಬೇಕೆಂದಿದ್ದೆನು, ಮರೆತೆನು. ಆ ಬಸ್ಸಿಗೆ ಮೆಟ್ಟಿಲೂ ಏಣಿಯೂ ಇದ್ದುವು.

ಸರಕಾರದವರು 2020ರಲ್ಲಿ ಪರದೇಶದ ಆಟಿಕೆಗಳ ಸುಂಕವನ್ನು ನೂರಕ್ಕೆ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಿದರು. ಸ್ವದೇಶದ ಕೈಗಾರಿಕೆ ಬೆಳೆಯಲೆಂಬ ಉದ್ದೇಶವನ್ನು ನಾನು ಆಕ್ಷೇಪಿಸುವುದಿಲ್ಲ. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆಗಳ ಕೈಗಾರಿಕಾ ಸಮುಚ್ಚಯಕ್ಕೆ 2021ರಲ್ಲಿ ಅಡಿಗಲ್ಲು ಬಿದ್ದಿತು. ಅದೇ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟನ್ನು ಬಳಸಿ, ಗೊಂಬೆಗಳಿಗೆ ಬಣ್ಣ ತುಂಬುತ್ತ ತಲೆತಲಾಂತರದಿಂದ ಬಂದಿದ್ದಾರೆ. ಚನ್ನಪಟ್ಟಣದವರ ಅರಗಿನ ಕೆಲಸ ಲೋಕಪ್ರಸಿದ್ಧ. ಕೈಯೂ ಇದೆ, ಕಾರ್ಖಾನೆಯೂ ಬಂದಿದೆ. ಇಲ್ಲದಿರುವುದು ಅಳತೆಯ ಪುಸ್ತಕ. ಸುಂಕವು ಪರರ ವಸ್ತುವಿಗೆ ಬಾಗಿಲು ಮುಚ್ಚಬಲ್ಲದು. ನಮ್ಮ ಬಂಡಿಯ ನೊಗ ಎಷ್ಟುದ್ದವೆಂಬುದನ್ನು ಯಾವ ಸುಂಕದ ಕಟ್ಟೆಯೂ ಹೇಳಲಾರದು.

ನಮ್ಮ ಜಿಲ್ಲೆಗೆ ಈ ವಿದ್ಯೆ ಹೊಸದಲ್ಲವೆಂಬುದೇ ಹೆಚ್ಚು ನೋವಿನ ಸಂಗತಿ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತು ಯಂತ್ರಗಳು ದೇಶವೆಲ್ಲ ಹರಡಿದ್ದುವು. ಲೇತಿನ ಕಬ್ಬಿಣದ ಮೈಯನ್ನು ಎರಕ ಹೊಯ್ಯುವ ಮುನ್ನ ಮರದಲ್ಲಿ ಅದರ ಪಡಿಯಚ್ಚನ್ನು ಮಾಡಬೇಕು. ಕಾದ ಕಬ್ಬಿಣ ಆರುವಾಗ ಅಡಿಗೆ ಸುಮಾರು ಇಂಚಿನ ಎಂಟನೆಯ ಒಂದು ಪಾಲು ಕುಗ್ಗುವುದರಿಂದ, ಮರದ ಅಚ್ಚನ್ನು ಅಷ್ಟು ಹಿಗ್ಗಿಸಿ ಮಾಡಬೇಕು; ಅದಕ್ಕೆಂದೇ ಹಿಗ್ಗಿಸಿದ ಗೆರೆಗಳುಳ್ಳ ಬೇರೆ ಅಳತೆಕೋಲಿರುತ್ತದೆ. ಇಲ್ಲದ ವಸ್ತುವನ್ನು, ಅದು ಆಗಲಿರುವ ಗಾತ್ರಕ್ಕಿಂತ ದೊಡ್ಡದಾಗಿ, ಮರದಲ್ಲಿ ಮೊದಲೇ ಕಾಣುವ ಆ ಬಡಗಿಗಳಿಗಿಂತ ದೊಡ್ಡ ಪ್ರತಿಕೃತಿಕಾರರು ಯಾರು? ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಕಾರ್ಖಾನೆ ಮುಚ್ಚಿಹೋಯಿತು. ಅಂಥ ಕೆಲಸ ಬಲ್ಲವರು ಇನ್ನೂ ಹರಿಹರದ ಓಣಿಗಳಲ್ಲಿ ಇರಬಹುದು. ನಮ್ಮ ಸಂಘದ ಯಾವ ಸಭೆಗೂ ಅವರನ್ನು ಕರೆದುದನ್ನು ನಾನು ಕಾಣೆನು. ಕವಿಗೋಷ್ಠಿಗೆ ಮಾತ್ರ ನಮ್ಮಲ್ಲಿ ಹಣವಿದೆ.

ಆದುದರಿಂದ ನಾನು ಸಂಘವನ್ನು ಕೇಳುವುದು ಇಷ್ಟು. ಬರುವ ಪ್ರದರ್ಶನದಲ್ಲಿ ಆ ಗೃಹಸ್ಥನಿಗೆ ಮೇಜನ್ನು ಕೊಡಬೇಕು. ಕೊಡದಿದ್ದರೆ ನನಗೆ ಗೊತ್ತುಮಾಡಿರುವ ಭಾಷಣದ ಸಮಯವನ್ನು ಅವನಿಗೆ ಬಿಟ್ಟುಕೊಡುತ್ತೇನೆ, ಸಭಿಕರಿಗೆ ಅದರಿಂದ ನಷ್ಟವಿಲ್ಲ. ಡ್ಯೂಸೆನ್‌ಬರ್ಗಿನ ಪಕ್ಕದಲ್ಲಿ, ಹಸ್ತಕ್ಕೆ ಅಂಗುಲದ ಅದೇ ಪ್ರಮಾಣದಲ್ಲಿ, ಆನಗೋಡಿನ ಎತ್ತಿನ ಬಂಡಿಯೂ ನಿಲ್ಲಬೇಕು. ಎರಡನ್ನೂ ಒಂದೇ ಹಲಗೆಯ ಮೇಲೆ ನೋಡಿದ ಮಗುವಿಗೆ ನಮ್ಮ ಬಂಡಿಯ ಗಾಲಿ ಆ ಕೋಟ್ಯಧೀಶನ ಕಾರಿನ ಗಾಲಿಗಿಂತ ಎಷ್ಟು ದೊಡ್ಡದೆಂಬುದು ಕಣ್ಣಿಗೇ ಕಾಣುವುದು.

ಕೆಲಸ ಆಗಲೇ ಆರಂಭವಾಗಿದೆ. ಹೆದ್ದಾರಿಯ ಒಂದು ಹೋಟೆಲಿನವರ ಅಪ್ಪಣೆ ಪಡೆದು, ಬಾಗಿಲಿಗೆ ಒರಗಿಸಿದ್ದ ಗಾಲಿಯನ್ನು ನಾವಿಬ್ಬರೂ ಅಳೆದೆವು. ಅವನು ಪಟ್ಟಿಯ ಒಂದು ತುದಿಯನ್ನೂ ನಾನು ಇನ್ನೊಂದು ತುದಿಯನ್ನೂ ಹಿಡಿದೆವು. ಅಡ್ಡಳತೆ ನಾಲ್ಕೂವರೆ ಅಡಿ. ಪ್ರತಿಕೃತಿಯಲ್ಲಿ ಎರಡೂಕಾಲು ಇಂಚು. ಅರಗಳು ಹನ್ನೆರಡು, ಸುತ್ತಿನ ಮರದ ತುಂಡುಗಳು ಆರು, ತುಂಡಿಗೆ ಎರಡು ಅರಗಳಂತೆ. ಕಬ್ಬಿಣದ ಹಳಿಯನ್ನು ಕಾಯಿಸಿ, ಹಿಗ್ಗಿದಾಗ ತೊಡಿಸಿ, ನೀರು ಹೊಯ್ದು ಬಿಗಿಸಿದ ಕಾರಣ, ಮೊಳೆ ಬಿದ್ದುಹೋಗಿದ್ದರೂ ಅದು ಇಂದಿಗೂ ಸಡಿಲವಾಗಿಲ್ಲ. ಗುಂಬದ ತೂತು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಬೇರೊಂದು ಮನೆಯ ಹಿತ್ತಿಲಲ್ಲಿ ಅಚ್ಚು ಸಿಕ್ಕಿತು. ಮೂಕಿಗಳಲ್ಲಿ ಒಂದು ಮುರಿದಿದ್ದಿತು, ಇನ್ನೊಂದು ಪೂರ್ತಿಯಾಗಿದ್ದಿತು. ನೊಗ ಮಾತ್ರ ಎಲ್ಲಿಯೂ ಇಲ್ಲ. ಊರಿನ ವೃದ್ಧರು ಮೂವರು ತೋಳುಗಳನ್ನು ಚಾಚಿ ಇಷ್ಟಿತ್ತು ಎಂದು ತೋರಿಸಿದರು. ಮೂವರ ಅಳತೆಯೂ ಬೇರೆ ಬೇರೆ. ವಾಚಕರಲ್ಲಿ ಯಾರ ಮನೆಯ ಅಟ್ಟದಲ್ಲಿಯಾದರೂ ಹಳೆಯ ನೊಗವೊಂದು ಉಳಿದಿದ್ದರೆ, ಮಳೆಗಾಲಕ್ಕೆ ಸೌದೆಯೆಂದು ಸೀಳುವ ಮುನ್ನ ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಹಾಕಬೇಕು. ಅಳತೆಪಟ್ಟಿಯನ್ನು ನಾವೇ ತರುತ್ತೇವೆ.